ಏಳನೇ ನಮೂನೆಯ ಸಂದೇಶ

ಆ ವರ್ಷ ನನಗೆ ವಹಿಸಿದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು. ಸಿಡ್ನಿಯ ಸೆನ್ಸರ್‌ಗಳೂ ಮೆಲ್ಬರ್ನಿನ ಸೆನ್ಸರ್‌ಗಳೂ ಒಂದೇ ಪರದೆಯ ಮೇಲೆ ಕಾಣಬೇಕು. ನಾನು ಕೆಲಸ ಮಾಡುವ ಕಂಪನಿಗೆ ಎರಡು ಕೋಲ್ಡ್ ಸ್ಟೋರೇಜುಗಳಿವೆ. ಒಂದು ಸಿಡ್ನಿಯ ಬ್ಲ್ಯಾಕ್‌ಟೌನ್ ಹತ್ತಿರ, ಹೊಸದು. ಇನ್ನೊಂದು ಮೆಲ್ಬರ್ನಿನ ಡ್ಯಾಂಡಿನಾಂಗಿನಲ್ಲಿ, ಬೇರೆ ಯಾರೋ ನಡೆಸುತ್ತಿದ್ದುದನ್ನು ಹಾಗೆಯೇ ಕೊಂಡದ್ದು. ಬಟಾಣಿ, ಮೀನು, ಐಸ್‌ಕ್ರೀಮು, ಪೊಟ್ಟಣದ ಪರೋಟಾ, ಹೀಗೆ ಅಂಗಡಿಗೆ ಹೋಗುವ ಮೊದಲು ಹೆಪ್ಪುಗಟ್ಟಿ ಕಾಯಬೇಕಾದ ಎಲ್ಲವೂ ಅಲ್ಲಿರುತ್ತವೆ. ಅವು ಸಾಕಷ್ಟು ತಣ್ಣಗಿವೆಯೇ ಎಂದು ತಿಳಿಯಲು ಗೋಡೆಗಳ ಮೇಲೆ ಸಾಬೂನಿನ ಗಾತ್ರದ ಪೆಟ್ಟಿಗೆಗಳನ್ನು ಕೂರಿಸಿರುತ್ತಾರೆ. ಒಳಗೊಂದು ಬ್ಯಾಟರಿ, ಒಂದು ಸೆನ್ಸರ್, ವೈರಿಲ್ಲದೆ ಸುದ್ದಿ ಕಳಿಸಲು ಒಂದು ಪುಟ್ಟ ರೇಡಿಯೊ. ಆ ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ.

ಸಿಡ್ನಿಯ ಜಾಲವನ್ನು ನಾನೇ ನಿಂತು ಹಾಕಿಸಿದ್ದೆ. ಅಲ್ಲಿ ಪ್ರತಿ ಪೆಟ್ಟಿಗೆಯೂ ಹತ್ತು ನಿಮಿಷಕ್ಕೊಮ್ಮೆ ಎಚ್ಚರವಾಗಿ, ಛಾವಣಿಯ ಮೇಲಿನ ಆಂಟೆನಾಕ್ಕೆ ನೇರವಾಗಿ ತನ್ನ ಲೆಕ್ಕ ಒಪ್ಪಿಸಿ, ಮತ್ತೆ ಮಲಗುತ್ತದೆ. ಡ್ಯಾಂಡಿನಾಂಗಿನ ಜಾಲದ ಕ್ರಮ ಬೇರೆ. ಅಲ್ಲಿ ಗೋಡೆಗಳು ದಪ್ಪ, ತಗಡಿನ ಹೊದಿಕೆ ಬೇರೆ, ಸುದ್ದಿ ನೇರವಾಗಿ ಹೊರಗೆ ದಾಟುವುದಿಲ್ಲ. ಆದ್ದರಿಂದ ಒಂದು ಪೆಟ್ಟಿಗೆ ಪಕ್ಕದ ಪೆಟ್ಟಿಗೆಗೆ ಹೇಳುತ್ತದೆ, ಅದು ಮುಂದಿನದಕ್ಕೆ, ಹೀಗೆ ಕೈಯಿಂದ ಕೈಗೆ ದಾಟಿ ಕೊನೆಗೆ ವರ್ಕ್‌ಶಾಪಿನಲ್ಲಿರುವ ಒಂದು ಡಬ್ಬಿಗೆ ತಲುಪುತ್ತದೆ. ಎರಡೂ ಜಾಲಗಳ ನಡುವೆ ದುಭಾಷಿಯಂತೆ ಕೂರುವ ಒಂದು ಯಂತ್ರವನ್ನು ನಾನು ತಯಾರು ಮಾಡಬೇಕಿತ್ತು. ನಾವು ಅದನ್ನು ಬ್ರಿಜ್ ಎನ್ನುತ್ತಿದ್ದೆವು. ಮ್ಯಾನೇಜರ್ ಕೊಟ್ಟ ಅವಧಿ ಮೂರು ತಿಂಗಳು. ನಾನು ಎರಡು ಸಾಕು ಎಂದುಕೊಂಡಿದ್ದೆ.

ಡ್ಯಾಂಡಿನಾಂಗಿನ ಜಾಲವನ್ನು ಹಾಕಿದವರು ಮೈಸೂರಿನವರು. ಅರವತ್ತು ದಾಟಿದ್ದರು, ನಿವೃತ್ತಿಗೆ ವರ್ಷದೊಳಗೆ ಇದ್ದರು. ಎಲ್ಲರೂ ಹಾಕುವ ಹೊಳೆಯುವ ಹಳದಿ ಜಾಕೆಟ್ಟಿನ ಒಳಗೆ ಮನೆಯಲ್ಲಿ ಹೆಣೆದ ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದ ಮೇಲೆ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಕನ್ನಡದೋರಾ ನೀವು?"

"ಹೌದ್ರಿ ಸರ್. ಧಾರವಾಡ."

"ಹಾಗಾದ್ರೆ ಇಂಗ್ಲಿಷ್ ಯಾಕೆ ಸುಮ್ನೆ. ಆದ್ರೆ ಸ್ವಲ್ಪ ನಿಧಾನಕ್ಕೆ ಮಾತಾಡಿ ಅಮ್ಮ. ನಿಮ್ಮ ಕಡೆ ಭಾಷೆ ನಂಗೆ ಅರ್ಧ ತಿಳಿಯೋಷ್ಟರಲ್ಲಿ ನೀವು ಮುಂದಕ್ಕೆ ಹೋಗಿರ್ತೀರ."

ನನಗೆ ತದ್ವಿರುದ್ಧವಾದ ತೊಂದರೆ ಇತ್ತು. ಅವರು ಏನನ್ನೂ ಮೊದಲಿನಿಂದ ಹೇಳದೆ ಇರುತ್ತಿರಲಿಲ್ಲ. ಇಪ್ಪತ್ತಮೂರನೆಯ ಸೆನ್ಸರ್ ಯಾಕೆ ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತದೆ ಎಂದು ಕೇಳಿದರೆ, ಅದು ಬಾಗಿಲ ಪಕ್ಕ ಬಂದದ್ದು ಹೇಗೆ, ಆ ಬಾಗಿಲನ್ನು ಮೊದಲು ಎಲ್ಲಿ ಇಡಬೇಕೆಂದಿದ್ದರು, ಆಗಿನ ಸೂಪರ್‌ವೈಸರ್ ಎಂಥ ಮನುಷ್ಯ, ಎಲ್ಲವೂ ಬರುತ್ತಿತ್ತು. ಉತ್ತರ ಅದರೊಳಗೆ ಎಲ್ಲೋ ಇರುತ್ತಿತ್ತು. ನನಗೆ ಸಂಜೆ ಆರೂವರೆಯ ವಿಮಾನ ಹಿಡಿಯಬೇಕಿರುತ್ತಿತ್ತು. ಸಿಡ್ನಿಯಲ್ಲಿ ಇಳಿದು, ಅಲ್ಲಿಂದ ಸ್ಕೋಫೀಲ್ಡ್ಸ್‌ನ ಮನೆಗೆ ಒಂದು ಗಂಟೆಗೂ ಹೆಚ್ಚಿನ ಡ್ರೈವ್. ಹಾಗಾಗಿ ನಾನು ಅವರ ಮಾತಿನಲ್ಲಿ ಬೇಕಾದ ಅಂಕಿಯನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಡುವುದನ್ನು ಬೇಗ ಕಲಿತೆ.

ಮೊದಲ ಬಾರಿ ಬ್ರಿಜ್ ಚಾಲೂ ಮಾಡಿದಾಗ ಸಿಡ್ನಿಯ ಕಂಟ್ರೋಲ್ ರೂಮಿನ ಪರದೆಯಲ್ಲಿ ಡ್ಯಾಂಡಿನಾಂಗಿನ ಫ್ರೀಜರುಗಳು ಎಂಬತ್ತು ಡಿಗ್ರಿ ತೋರಿಸಿದವು. ಐಸ್‌ಕ್ರೀಮಿನ ಕೋಣೆ ಎಪ್ಪತ್ತೆಂಟು. ಅಲ್ಲಿ ಪಾಳಿಯಲ್ಲಿದ್ದವನು ನನಗೆ ಫೋನ್ ಮಾಡಿ, ಅಲ್ಲಿ ಮೀನು ಬೇಯಿಸುತ್ತಿದ್ದೀರಾ ಎಂದು ಕೇಳಿದ. ವಿಷಯ ಸರಳವಾಗಿತ್ತು. ಅವರು ಜಾಲ ಹಾಕಿದ ಕಾಲದ ಅಗ್ಗದ ಚಿಪ್ಪಿಗೆ ಸೊನ್ನೆಗಿಂತ ಕೆಳಗಿನ ಸಂಖ್ಯೆ ಗೊತ್ತಿರಲಿಲ್ಲ. ಅದಕ್ಕೆ ಅವರು ಪ್ರತಿಯೊಂದಕ್ಕೂ ನೂರು ಸೇರಿಸಿ ಕಳಿಸಿ, ತಮ್ಮ ವರ್ಕ್‌ಶಾಪಿನಲ್ಲಿ ಮತ್ತೆ ನೂರು ಕಳೆಯುತ್ತಿದ್ದರು. ಗಡಿಯಾರದ ಕಥೆಯೂ ಹೀಗೆಯೇ. ಬೇಸಿಗೆ ಬಂದರೆ ಇಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಡುತ್ತಾರೆ. ಊರೆಲ್ಲ ಹಾಗೆ ಮುಂದೆ ಹೋದರೂ ಅವರ ಪೆಟ್ಟಿಗೆಗಳು ಹೋಗುತ್ತಿರಲಿಲ್ಲ. "ಬಟಾಣಿಗೆ ಯಾವ ಬೇಸಿಗೆ?" ಎಂದಿದ್ದರು ಅವರು. ಎರಡೂ ಜಾಲಗಳಲ್ಲಿ ಹನ್ನೆರಡನೇ ನಂಬರಿನ ಸೆನ್ಸರ್ ಇತ್ತು, ಮೂವತ್ತನೇ ನಂಬರಿನದೂ ಇತ್ತು. ಇವನ್ನೆಲ್ಲ ನಾನು ಒಂದೊಂದಾಗಿ ಸರಿಮಾಡಿದೆ. ಇಂಥ ಕೆಲಸದಲ್ಲಿ ಒಂದು ನೆಮ್ಮದಿ ಇರುತ್ತದೆ. ತಪ್ಪು ಎಷ್ಟು ದೊಡ್ಡದಾಗಿ ಕಾಣುತ್ತದೋ ಅಷ್ಟು ಸುಲಭವಾಗಿ ಸಿಗುತ್ತದೆ.

ಕಾಣದೆ ಹೋದದ್ದು ಸಂದೇಶಗಳ ಪಟ್ಟಿಯಲ್ಲಿತ್ತು. ಅವರ ಪೆಟ್ಟಿಗೆಗಳು ಒಂಬತ್ತು ನಮೂನೆಯ ಸಂದೇಶ ಕಳಿಸಬಲ್ಲವಾಗಿದ್ದವು. ಒಂದು ಎಂದರೆ ತಾಪಮಾನ, ಎರಡು ಎಂದರೆ ಬಾಗಿಲು, ಮೂರು ಎಂದರೆ ಬ್ಯಾಟರಿ ಕಡಿಮೆ, ಹೀಗೆ. ನಾನು ಪ್ರತಿಯೊಂದಕ್ಕೂ ಸಿಡ್ನಿಯ ಸಮಾನ ಪದ ಬರೆದೆ. ಆ ಜಾಲದ ಬಗ್ಗೆ ಇದ್ದ ಹಳೆಯ ದಾಖಲೆಯಲ್ಲಿ ಏಳರ ಮುಂದೆ "ಕಾಯ್ದಿರಿಸಲಾಗಿದೆ" ಎಂದಷ್ಟೇ ಇತ್ತು. ನಮ್ಮ ವೃತ್ತಿಯಲ್ಲಿ ಅದರ ಅರ್ಥ, ಯಾರೂ ಬಳಸುತ್ತಿಲ್ಲ, ಮುಂದೆಂದಾದರೂ ಬೇಕಾದೀತು ಎಂದು. ಬ್ರಿಜ್‌ಗೆ ಗೊತ್ತಿಲ್ಲದ ನಮೂನೆ ಬಂದರೆ ಏನು ಮಾಡಬೇಕು ಎಂಬುದಕ್ಕೂ ಒಂದು ಸಾಲು ಬೇಕಿತ್ತು. ನಾನು "ಕೈಬಿಡು" ಎಂದು ಬರೆದೆ. ಹಾಗೆ ಬರೆಯುವುದು ವಾಡಿಕೆ.

ಆ ಪಟ್ಟಿಯ ಬಗ್ಗೆ ನಾನು ಅವರನ್ನು ಕೇಳದೆ ಇರಲಿಲ್ಲ. ಒಂದು ಮಧ್ಯಾಹ್ನ ಊಟದ ಕೋಣೆಯಲ್ಲಿ ಅವರು ಡಬ್ಬಿ ಬಿಚ್ಚಿ ಬಿಸಿಬೇಳೆಬಾತ್ ತೆಗೆದು ಅರ್ಧ ನನ್ನ ತಟ್ಟೆಗೆ ಹಾಕಿದರು. ನಾನು ಪಟ್ಟಿ ತೋರಿಸಿದೆ. ಅವರು ಒಂದರಿಂದ ಶುರು ಮಾಡಿದರು. ನಾಲ್ಕಕ್ಕೆ ಬರುವಷ್ಟರಲ್ಲಿ ನನ್ನ ಮಗಳ ಸ್ಕೂಲಿನಿಂದ ಮೆಸೇಜು ಬಂತು. ಮರುದಿನ ಈಜಿನ ಸ್ಪರ್ಧೆ, ಅನುಮತಿ ಪತ್ರ ಇನ್ನೂ ಬಂದಿಲ್ಲ ಎಂದು. ನಾನು ಫೋನಿನಲ್ಲೇ ಅದನ್ನು ತುಂಬುತ್ತ "ಹೂಂ ಸರ್, ಹೇಳ್ರಿ" ಎನ್ನುತ್ತಿದ್ದೆ. ಅವರು ಕೋಣೆಯೊಂದನ್ನು ಎರಡು ಭಾಗ ಮಾಡಿದ್ದು, ಯಾವುದೋ ಗೋಡೆ ಎಬ್ಬಿಸಿದ್ದು, ಹಳೆಯ ಗಂಟೆಯ ವೈರನ್ನು ಕತ್ತರಿಸಿದ್ದು, ಇಂಥದ್ದೇನೋ ಹೇಳುತ್ತಿದ್ದರು. "ಏಳು ಅಂದ್ರೆ ಮನುಷ್ಯ ಅಮ್ಮ" ಎಂದರು. ಅದು ನನಗೆ ಕೇಳಿಸಿತು. ಮಾತಿನ ಓಘದಲ್ಲಿ ಹೇಳಿದ ತತ್ವದ ಮಾತು ಎಂದುಕೊಂಡೆ. ಪತ್ರ ಕಳಿಸಿ ತಲೆಯೆತ್ತಿದಾಗ ಅವರು ಎಂಟಕ್ಕೆ ಬಂದಿದ್ದರು.

ಇನ್ನು ಉಳಿದದ್ದು ವರ್ಕ್‌ಶಾಪಿನ ಹಳೆಯ ಡಬ್ಬಿ. ಬ್ರಿಜ್ ಬಂದ ಮೇಲೆ ಅದು ಇರಬಾರದಿತ್ತು.

"ಸರ್, ಇದನ್ನ ಬಂದ್ ಮಾಡಬೇಕ್ರಿ. ಎರಡೂ ಕೂಡಿ ಉತ್ತರಾ ಕೊಟ್ರ ಸೆನ್ಸರಿಗೆ ಯಾರ ಮಾತು ಕೇಳಬೇಕೋ ತಿಳಿಯಂಗಿಲ್ಲ."

"ಉತ್ತರ ಕೊಡದ ಹಾಗೆ ಮಾಡ್ತೀನಿ. ಬರೀ ಕೇಳಿಸ್ಕೊಳ್ತಾ ಇರ್ಲಿ. ಯಾರಿಗೇನು ತೊಂದ್ರೆ?"

"ಬ್ಯಾಡ್ರಿ ಸರ್. ರಿಪೋರ್ಟ್‌ನ್ಯಾಗ ತಗದೇವಿ ಅಂತ ಬರೀಬೇಕು ನಾನು."

ಅವರು "ಆಯ್ತಮ್ಮ" ಎಂದರು. ಮುಂದಿನ ಸಲ ಬಂದಾಗ ಗೋಡೆಯ ಮೇಲೆ ಡಬ್ಬಿ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳಿದ್ದವು. ನಾನು ರಿಪೋರ್ಟಿನಲ್ಲಿ ತೆಗೆಯಲಾಗಿದೆ ಎಂದು ಬರೆದೆ.

ಹನ್ನೊಂದನೇ ವಾರದ ಗುರುವಾರ ನಾನು ಕೊನೆಯ ಸಹಿಗಾಗಿ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ವರ್ಕ್‌ಶಾಪಿನ ಮೇಜಿನ ಒಂದು ಕಡೆ ನಾನು, ಎದುರಿಗೆ ಅವರು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡೂ ಊರುಗಳ ಎಲ್ಲ ಕೋಣೆಗಳೂ ಹಸಿರಾಗಿದ್ದವು. ಅವರು ಪೆನ್ನಿನ ಮುಚ್ಚಳ ತೆಗೆದು ಕಾಗದದ ಮೊದಲ ಪುಟ ಓದುತ್ತಿದ್ದರು. ಆಗ ಅವರ ಮೇಜಿನ ಕೆಳಗಿನ ಡ್ರಾಯರಿನೊಳಗಿಂದ ಸಣ್ಣಗೆ ಬಜರ್ ಸದ್ದು ಬಂತು. ನಿಂತಿತು. ಮತ್ತೆ ಬಂತು.

ನನಗೆ ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಡಬ್ಬಿಯನ್ನು ಗೋಡೆಯಿಂದ ತೆಗೆದು ಡ್ರಾಯರಿನಲ್ಲಿ ಇಟ್ಟಿದ್ದಾರೆ, ನನ್ನ ರಿಪೋರ್ಟು ಸುಳ್ಳಾಯಿತು ಎಂದುಕೊಂಡೆ. "ಸರ್, ಇದು ಇನ್ನೂ..." ಎನ್ನುವಷ್ಟರಲ್ಲಿ ಅವರು ಎದ್ದಾಗಿತ್ತು. ಕುರ್ಚಿ ಹಿಂದಕ್ಕೆ ಬಿತ್ತು. ಆ ವಯಸ್ಸಿನ ಮನುಷ್ಯ ಅಷ್ಟು ಜೋರಾಗಿ ಹೋಗುವುದನ್ನು ನಾನು ನೋಡಿರಲಿಲ್ಲ.

"ಐದು ಬಿ," ಎಂದರು ಬಾಗಿಲಲ್ಲಿ. "ಒಳಗೆ ಯಾರೋ ಇದ್ದಾರೆ."

ನಾನು ಪರದೆ ನೋಡಿದೆ. ಐದು ಬಿ ಹಸಿರಾಗಿತ್ತು. ಮೈನಸ್ ಇಪ್ಪತ್ತೆರಡು, ಬಾಗಿಲು ಮುಚ್ಚಿದೆ, ಬ್ಯಾಟರಿ ಚೆನ್ನಾಗಿದೆ. ಬಜರ್ ಮತ್ತೆ ಬಡಿದುಕೊಂಡಿತು. ಆಮೇಲೆ ನಾನೂ ಓಡಿದೆ.

ಐದನೇ ಕೋಣೆಯನ್ನು ಬಹಳ ಹಿಂದೆ ಗೋಡೆ ಹಾಕಿ ಎ ಮತ್ತು ಬಿ ಎಂದು ಎರಡು ಮಾಡಿದ್ದರು. ಬಿ ಭಾಗದ ಬಾಗಿಲನ್ನು ಒಳಗಿನಿಂದ ತಳ್ಳಿ ತೆರೆಯಲು ಒಂದು ಹಿಡಿಕೆ ಇತ್ತು. ಅಂದು ಆ ಹಿಡಿಕೆಯ ಸುತ್ತ ಮಂಜುಗಡ್ಡೆ ಕಟ್ಟಿ ಅದು ಅಲುಗಾಡುತ್ತಿರಲಿಲ್ಲ. ನಾವು ಹೋದಾಗ ಫೋರ್ಕ್‌ಲಿಫ್ಟ್ ಡ್ರೈವರ್ ಒಬ್ಬ ಹತ್ತಿರದಲ್ಲೇ ಇದ್ದ. ಹೊರಗಿನ ಹಿಡಿಕೆಯೂ ಗಟ್ಟಿಯಾಗಿತ್ತು. ಅವನೂ ಮೈಸೂರಿನವರೂ ಕಬ್ಬಿಣದ ಸಲಾಕೆ ಸಿಕ್ಕಿಸಿ ಎರಡು ಸಲ ಮೀಟಿದರು. ಮೂರನೇ ಸಲಕ್ಕೆ ಬಾಗಿಲು ಬಿಟ್ಟುಕೊಂಡಿತು.

ಒಳಗೆ ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಕಂಪನಿಯ ಟೊಪ್ಪಿಗೆ. ಆರ್ಡರಿನ ಪ್ರಕಾರ ಪೊಟ್ಟಣಗಳನ್ನು ಎತ್ತಿ ಕೊಡುವ ಕೆಲಸ ಆಕೆಯದು. ಎರಡು ಪೊಟ್ಟಣ ತರಲೆಂದು ಒಂದು ನಿಮಿಷಕ್ಕೆ ಹೋದವಳು ದಪ್ಪ ಜಾಕೆಟ್ ಹಾಕಿಕೊಂಡಿರಲಿಲ್ಲ. ಬಲಗೈಯ ಕೈಗವಸು ತೆಗೆದಿದ್ದಳು. ತೋರುಬೆರಳು ಇನ್ನೂ ಗೋಡೆಯ ಮೇಲಿನ ಒಂದು ಪೆಟ್ಟಿಗೆಯ ಗುಂಡಿಯ ಮೇಲಿತ್ತು. ಮೈಸೂರಿನವರು ತಮ್ಮ ಸ್ವೆಟರ್ ಬಿಚ್ಚಿ ಆಕೆಗೆ ಹೊದಿಸಿದರು. ಆಕೆ ನನ್ನನ್ನು ದಾಟಿ ಹೋಗುವಾಗ ನನ್ನ ಕುತ್ತಿಗೆಗೆ ನೇತಾಡುತ್ತಿದ್ದ ಸಿಡ್ನಿಯ ಗುರುತಿನ ಚೀಟಿಯನ್ನು ನೋಡಿದಳು. ಬಹುಶಃ ಕಣ್ಣು ಅಲ್ಲಿ ಬಿದ್ದಿರಬೇಕು ಅಷ್ಟೆ.

ಆ್ಯಂಬುಲೆನ್ಸ್ ಬಂದು ಕರೆದುಕೊಂಡು ಹೋಯಿತು. ಮರುದಿನವೇ ಮನೆಗೆ ಕಳಿಸಿದರು. ಬಲಗೈಯ ಎರಡು ಬೆರಳ ತುದಿಗಳಿಗೆ ಹಲವು ವಾರ ಸ್ಪರ್ಶ ತಿಳಿಯುತ್ತಿರಲಿಲ್ಲವಂತೆ, ಆಮೇಲೆ ಸರಿಹೋಯಿತು.

ನಾನು ವರ್ಕ್‌ಶಾಪಿಗೆ ವಾಪಸು ಹೋಗಿ ಬ್ರಿಜ್‌ನ ದಿನಚರಿ ತೆರೆದೆ. ಆ ಯಂತ್ರ ತಾನು ಮಾಡಿದ್ದೆಲ್ಲವನ್ನೂ ಬರೆದಿಡುತ್ತದೆ. ಅಲ್ಲಿ ಒಂದೇ ಸಾಲು ಒಂಬತ್ತು ಸಲ ಇತ್ತು. ಐದು ಬಿ, ನಮೂನೆ ಏಳು, ಅಪರಿಚಿತ, ಕೈಬಿಡಲಾಗಿದೆ. ಆಕೆ ಒಂಬತ್ತು ಸಲ ಗುಂಡಿ ಒತ್ತಿದ್ದಳು. ಒಂಬತ್ತು ಸಲವೂ ಆ ಕರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ ಸರಿಯಾಗಿಯೇ ನನ್ನ ಯಂತ್ರಕ್ಕೆ ಮುಟ್ಟಿತ್ತು. ಯಂತ್ರ ನಾನು ಹೇಳಿದ್ದನ್ನೇ ಮಾಡಿತ್ತು.

ಅವರು ಬರಿಯ ಶರ್ಟಿನಲ್ಲಿ ಬಂದು ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕುಳಿತರು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಓದಿದರು.

"ಗೋಡೆ ಕಟ್ಟಿದಾಗ ಒಳಗೆ ಸಿಕ್ಕಿಕೊಂಡೋರು ಬಾರಿಸೋ ಗಂಟೆ ವೈರ್ ಆ ಕಡೆಗೆ ಹೋಗ್ಲಿಲ್ಲ," ಎಂದರು. "ಸದ್ಯಕ್ಕೆ ಅಂತ ಒಂದು ಗುಂಡಿ ಹಾಕ್ದೆ. ಪಟ್ಟಿಯಲ್ಲಿ ಏಳು ಖಾಲಿ ಇತ್ತು, ಅದನ್ನೇ ಕೊಟ್ಟೆ. ಹನ್ನೊಂದು ವರ್ಷ ಆಯ್ತು."

"ನೀವು ನನಗ ಹೇಳಿದ್ರಿ, ಸರ್."

ಅವರು ಡ್ರಾಯರ್ ಎಳೆದು ಆ ಡಬ್ಬಿಯನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಉತ್ತರ ಕಳಿಸುವ ಭಾಗದ ತಂತಿಯನ್ನು ಕತ್ತರಿಸಿ ತುದಿಗೆ ಟೇಪು ಸುತ್ತಿದ್ದರು. ಕಾಗದಕ್ಕೆ ಅಂದು ಸಹಿ ಆಗಲಿಲ್ಲ.

ಸಿಡ್ನಿಯಲ್ಲಿ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದ. ಕೆಟ್ಟ ಮನುಷ್ಯನಲ್ಲ, ನನ್ನ ಕೆಲಸದ ಬಗ್ಗೆ ಅವನಿಗೆ ಗೌರವವಿತ್ತು. ಘಟನೆಯ ವರದಿಯನ್ನು ನಾನೇ ಬರೆಯಬೇಕಿತ್ತು. ಕಾರಣ ಎಂಬ ಜಾಗದಲ್ಲಿ, ಹಳೆಯ ಜಾಲದ ದಾಖಲೆಯಲ್ಲಿ ಈ ಸಂದೇಶ ನಮೂದಾಗಿರಲಿಲ್ಲ ಎಂದು ಬರೆದರೆ ಸಾಕು ಎಂದ. ಅದು ನಿಜವೂ ಹೌದಲ್ಲ ಎಂದ. ಹೌದು, ನಿಜವೇ. ಡಬ್ಬಿ ಇಟ್ಟುಕೊಂಡದ್ದರ ಬಗ್ಗೆ ಡ್ಯಾಂಡಿನಾಂಗಿನವರಿಗೆ ಬೇರೆಯಾಗಿ ಎಚ್ಚರಿಕೆಯ ಕಾಗದ ಹೋಗುತ್ತದೆ, ನೀವು ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ ಎಂದೂ ಹೇಳಿದ.

ಮನೆಯಲ್ಲಿ ಎರಡು ದಿನ ನಾನು ಈ ವಿಷಯ ಎತ್ತಲಿಲ್ಲ. ಮೂರನೇ ದಿನ, ಶನಿವಾರ, ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಗಂಡನಿಗೆ ಹೇಳಿದೆ. ಅವನು ಹುಬ್ಬಳ್ಳಿಯವನು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ನಿನ್ನ ಮುಂದ ಹೇಳಿದ್ದೆ ಅಂತ ಅವರೂ ಬರದಾರೇನು?"

"ಇಲ್ಲ. ಯಾರ ಮುಂದನೂ ಅಂದಿಲ್ಲ."

"ಹಂಗಾದ್ರ ಗೊತ್ತಿರೋದು ನಿಮ್ಮಿಬ್ಬರಿಗೇ."

"ಹೂಂ."

ಅವನು ಬಕೆಟ್ಟಿನಿಂದ ಇನ್ನೊಂದು ಟವೆಲ್ ತೆಗೆದು ಕೊಡವಿದ. "ಬರಿ, ಬಿಡು," ಎಂದ. "ಇಲ್ಲಂದ್ರ ನೀ ಹಿಂಗ ಬಟ್ಟಿ ಹಿಂಡಕೋತನ ಇರ್ತಿ." ನಾನು ಆಗಲೇ ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡುತ್ತಿದ್ದೆ.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೆ ಹದಿಮೂರು. ನಮ್ಮ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಡಿಡ್ ಯು ಸೇ ಸಾರಿ ಟು ಹರ್?"

"ಯಾರಿಗೆ?"

"ದ ಲೇಡಿ ಇನ್ ದ ಫ್ರೀಜರ್."

ನನಗೆ ಅದು ಹೊಳೆದೇ ಇರಲಿಲ್ಲ. ವರದಿ, ಮ್ಯಾನೇಜರ್, ಮೈಸೂರಿನವರು, ಇಷ್ಟರಲ್ಲೇ ನಾನು ಸುತ್ತುತ್ತಿದ್ದೆ.

ಸೋಮವಾರ ವರದಿ ಕೊಟ್ಟೆ. ದಾಖಲೆಯಲ್ಲಿ ಏಳನೇ ನಮೂನೆಯ ಅರ್ಥ ಇರಲಿಲ್ಲ ಎಂದು ಬರೆದೆ. ಅದರ ಅರ್ಥವನ್ನು ನನಗೆ ಬಾಯಿಮಾತಿನಲ್ಲಿ ತಿಳಿಸಲಾಗಿತ್ತು, ನಾನು ಗಮನ ಕೊಡಲಿಲ್ಲ ಎಂದೂ ಬರೆದೆ. ಅಪರಿಚಿತ ಸಂದೇಶಗಳನ್ನು ಕೈಬಿಡುವ ನಿರ್ಧಾರ ನನ್ನದು, ಹಳೆಯ ಡಬ್ಬಿಯನ್ನು ತೆಗೆಸಲು ಒತ್ತಾಯಿಸಿದವಳೂ ನಾನು, ಅದು ಉಳಿದಿದ್ದರಿಂದ ಒಂದು ಜೀವ ಉಳಿಯಿತು. ಇಷ್ಟು. ಮ್ಯಾನೇಜರ್ ಎರಡು ಸಲ ಓದಿ, ಇದನ್ನು ಹೀಗೇ ಕಳಿಸಲೇ ಎಂದು ಕೇಳಿದ. ಕಳಿಸಿ ಎಂದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ವರ್ಷ ಸಿಗಬೇಕಿದ್ದ ಬಡ್ತಿ ನನಗಿಂತ ಚಿಕ್ಕವನೊಬ್ಬನಿಗೆ ಸಿಕ್ಕಿತು. ಅವನು ಒಳ್ಳೆಯ ಕೆಲಸಗಾರ. ಡ್ಯಾಂಡಿನಾಂಗಿಗೆ ಹೋಗಬೇಕಿದ್ದ ಕಾಗದ ಹೋಗಲಿಲ್ಲ.

ಅದಾದ ಮೇಲೆ ನಾನು ಮೆಲ್ಬರ್ನಿಗೆ ಹೋಗಿ ಆರು ದಿನ ಉಳಿದೆ. ಪ್ರತಿ ಬೆಳಿಗ್ಗೆ ಟ್ರೈನು ಹಿಡಿದು ಡ್ಯಾಂಡಿನಾಂಗಿನಲ್ಲಿ ಇಳಿದು, ಬಸ್ಸಿನಲ್ಲಿ ಗೋದಾಮುಗಳ ಬೀದಿಗೆ ಹೋಗುತ್ತಿದ್ದೆ. ನಾವಿಬ್ಬರೂ ಪ್ರತಿ ಕೋಣೆಗೆ, ಪ್ರತಿ ಪೆಟ್ಟಿಗೆಯ ಮುಂದೆ ಹೋಗಿ ನಿಂತೆವು. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಬಾಗಿಲು ಎಲ್ಲಿ ಬರಬೇಕಿತ್ತು, ಸೂಪರ್‌ವೈಸರ್ ಎಂಥವನು, ಎಲ್ಲವನ್ನೂ. ಅದರಲ್ಲಿ ಬಹಳಷ್ಟು ಯಾವ ಉಪಯೋಗಕ್ಕೂ ಬರಲಿಲ್ಲ. ಆದರೆ ಇನ್ನೂ ಎರಡು ವಿಷಯ ಸಿಕ್ಕಿದವು. ಸತ್ತುಹೋದ ಸೆನ್ಸರಿನ ಬದಲು ಪಕ್ಕದ ಸೆನ್ಸರ್ ಅದರ ಹಳೆಯ ಅಂಕಿಯನ್ನೇ ಒಂದು ಗಂಟೆ ಹೇಳುತ್ತಿರುತ್ತದೆ ಎಂಬುದು ಒಂದು. ಮೀನಿನ ಕೋಣೆಯ ಎರಡು ಪೆಟ್ಟಿಗೆಗಳ ನಂಬರು ಅದಲುಬದಲಾಗಿದೆ ಎಂಬುದು ಇನ್ನೊಂದು. ಬ್ರಿಜ್‌ನಲ್ಲಿ "ಕೈಬಿಡು" ಎಂಬ ಸಾಲನ್ನು ಅಳಿಸಿದೆ. ಈಗ ಅದಕ್ಕೆ ಅರ್ಥವಾಗದ ಸಂದೇಶ ಬಂದರೆ ಸಿಡ್ನಿಯಲ್ಲೂ ಡ್ಯಾಂಡಿನಾಂಗಿನಲ್ಲೂ ಸದ್ದು ಮಾಡುತ್ತದೆ, ಮನುಷ್ಯರೊಬ್ಬರು ಹೋಗಿ ನೋಡುವವರೆಗೆ ನಿಲ್ಲುವುದಿಲ್ಲ. ಆ ಗುಂಡಿಯ ಕರೆ ಮುಟ್ಟಿದೊಡನೆ ಬಡಿಯುವಂತೆ ಐದು ಬಿ ಕೋಣೆಗೆ ವೈರಿನ ಗಂಟೆಯನ್ನೂ ಎಳೆಸಿದೆವು. ಬಾಗಿಲ ಹಿಡಿಕೆಗೆ ಮಂಜು ಕಟ್ಟದಂತೆ ಬಿಸಿ ತಂತಿ ಸುತ್ತಿಸಿದರು.

ಐದನೇ ದಿನ ಊಟಕ್ಕೆ ಕುಳಿತಾಗ ಕೇಳಿದೆ.

"ಸರ್, ನೀವು ಹೇಳಿದ್ದೆ ಅಂತ ಯಾಕ ಅನಲಿಲ್ರಿ ಯಾರ ಮುಂದನೂ?"

"ಹೇಳಿದ್ದೆ, ನಿಜ. ಆದ್ರೆ ನೀವು ಕೇಳಿಸ್ಕೊಂಡ್ರಾ ಅಂತ ನಾನು ನೋಡ್ಲಿಲ್ವಲ್ಲ." ಡಬ್ಬಿಯ ಮುಚ್ಚಳವನ್ನು ತಟ್ಟೆಯ ಹಾಗೆ ನನ್ನ ಮುಂದೆ ಇಟ್ಟರು. "ಕಾಗದದಲ್ಲಿ ತಿದ್ದಬೇಕಿತ್ತು. ಹನ್ನೊಂದು ವರ್ಷ ನಾನೇ ಇರ್ತೀನಲ್ಲ, ಯಾಕೆ ಅಂದ್ಕೊಂಡೆ. ಅದು ನನ್ನ ತಪ್ಪು, ಅದನ್ನೂ ನಿಮ್ಮ ಹೆಸರಿಗೆ ಬರ್ಕೋಬೇಡಿ."

ಅವರು ಮುಂದಿನ ಚಳಿಗಾಲದ ಹೊತ್ತಿಗೆ ನಿವೃತ್ತರಾದರು. ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾರೆ. ನಾನು ಕೇಳಿಸಿಕೊಳ್ಳುತ್ತೇನೆ. ಹೆಚ್ಚಾಗಿ ಮೊಣಕಾಲು ನೋವಿನ ವಿಷಯ, ಅದೂ ಮೊದಲಿನಿಂದ.

ಆರನೇ ದಿನ ನಾನು ಆ ಹೆಂಗಸನ್ನು ಕಾಣಬೇಕೆಂದು ಕೇಳಿಕೊಂಡೆ. ಆಕೆ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ಫ್ರೀಜರಿನ ಒಳಗಲ್ಲ, ಹೊರಗೆ ಪೊಟ್ಟಣಗಳಿಗೆ ಲೇಬಲ್ ಅಂಟಿಸುವ ಮೇಜಿನಲ್ಲಿ. ಅಫ್ಘಾನಿಸ್ತಾನದವಳು. ನಡುವೆ ಪಾಕಿಸ್ತಾನದಲ್ಲಿ ಬಹಳ ವರ್ಷ ಇದ್ದುದರಿಂದ ಉರ್ದು ಬರುತ್ತಿತ್ತು, ನನ್ನ ಹಿಂದಿಗೆ ಅದು ಸಾಕಾಯಿತು. ನಾನು ಯಾರು, ನನ್ನಿಂದ ಏನಾಯಿತು ಎಂದು ಹೇಳಿ ಕ್ಷಮೆ ಕೇಳಿದೆ. ಬರುವ ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಹೇಳುವಾಗ ಅವು ಬಹಳ ಬೇಗ ಮುಗಿದವು.

ಆಕೆ ಕೈಯಲ್ಲಿದ್ದ ಲೇಬಲನ್ನು ಪೊಟ್ಟಣಕ್ಕೆ ಅಂಟಿಸಿ ಅಂಗೈಯಿಂದ ಒತ್ತಿದಳು. ಕ್ಷಮಿಸಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. "ಈಗ ಕೆಲಸ ಮಾಡುತ್ತದೆಯೇ?" ಎಂದು ಕೇಳಿದಳು.

"ಮಾಡುತ್ತದೆ."

"ತೋರಿಸಿ."

ನಾನು ಪರದೆಯಲ್ಲಿ ತೋರಿಸಲೆಂದು ಲ್ಯಾಪ್‌ಟಾಪ್ ತೆರೆಯಹೋದೆ. ಆಕೆ ಬೇಡವೆಂದು ತಲೆಯಾಡಿಸಿ, ಗೂಟದಲ್ಲಿದ್ದ ದಪ್ಪ ಜಾಕೆಟ್ ತೆಗೆದುಕೊಂಡು ಐದು ಬಿ ಕಡೆಗೆ ನಡೆದಳು. ಇನ್ನೊಂದು ಜಾಕೆಟ್ ನನ್ನ ಕೈಗೆ ಕೊಟ್ಟಳು. ಹೊರಗೆ ಫೋರ್ಕ್‌ಲಿಫ್ಟ್ ಡ್ರೈವರನ್ನೂ ಮೈಸೂರಿನವರನ್ನೂ ನಿಲ್ಲಿಸಿದಳು. ಒಳಗೆ ಹೋದ ಮೇಲೆ ಬಾಗಿಲನ್ನು ತಾನೇ ಎಳೆದು ಮುಚ್ಚಿದಳು.

ಬಾಗಿಲು ಮುಚ್ಚಿದಾಗ ಹೊರಗಿನ ಸದ್ದು ಒಮ್ಮೆಲೇ ನಿಂತುಹೋಯಿತು. ಗಾಳಿ ಬೀಸುವ ಫ್ಯಾನುಗಳ ಗುಂಯ್‌ಗುಟ್ಟುವಿಕೆ ಮಾತ್ರ ಇತ್ತು. ಮೂಗಿನ ಒಳಗೆ ಉಸಿರು ಗರಿಗರಿ ಎನಿಸಿತು. ಅಷ್ಟು ವರ್ಷ ಆ ಅಂಕಿಗಳನ್ನು ಪರದೆಯಲ್ಲಿ ನೋಡಿದ್ದೆ. ಮುಚ್ಚಿದ ಬಾಗಿಲಿನ ಒಳಗೆ ನಿಂತದ್ದು ಅದೇ ಮೊದಲು. ಆಕೆ ಕೈಗವಸು ತೆಗೆದಳು, ಗುಂಡಿ ಒತ್ತಿದಳು, ತನ್ನ ಭಾಷೆಯಲ್ಲಿ ಎಣಿಸತೊಡಗಿದಳು. ನಾನೂ ಮನಸ್ಸಿನಲ್ಲಿ ಎಣಿಸಿದೆ. ಆರಕ್ಕೆ ಬಂದಾಗ ತಲೆಯ ಮೇಲೆ ಗಂಟೆ ಬಡಿಯಿತು. ಅದರ ಹಿಂದೆಯೇ ಬಾಗಿಲು ತೆರೆದುಕೊಂಡಿತು.

ಹೊರಗೆ ಕಾಲಿಡುತ್ತಲೇ ನನ್ನ ಜೇಬಿನಲ್ಲಿ ಫೋನು ನಡುಗಿತು, ಸಿಡ್ನಿಯಿಂದ. ಆಕೆ ಆ ಎರಡು ಬೆರಳುಗಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು.

"ಇನ್ನೊಂದು ಸಲ," ಎಂದಳು.

ನಾವು ಮತ್ತೆ ಒಳಗೆ ಹೋದೆವು.